ಹೆಸರಿನಿಂದ ಮೆಥಡ್ ಹುಡುಕಿ ಡೆಲಿಗೇಟ್ ಕಟ್ಟುವುದು: ಮಲ್ಪೆಯ ಪಾಲು ಲೆಕ್ಕದ ಜೊತೆ

ಮಲ್ಪೆಯಲ್ಲಿ ಎರಡು ಬೋಟುಗಳ ಪಾಲು ಲೆಕ್ಕ ಒಂದೇ ಥರ ಇರುವುದು ಕಡಿಮೆ. ಏಲಂನಲ್ಲಿ ಬಂದ ಹಣದಿಂದ ಡೀಸೆಲ್, ಐಸ್, ರೇಷನ್ ಖರ್ಚು ಕಳೆದು, ಉಳಿದದ್ದನ್ನು ಮಾಲೀಕರು, ತಾಂಡೇಲರು (ಬೋಟು ನಡೆಸುವವರು), ಕಲಾಸಿಗಳು (ಬೋಟಿನಲ್ಲಿ ದುಡಿಯುವವರು) ಹಂಚಿಕೊಳ್ಳುತ್ತಾರೆ ಎನ್ನುವವರೆಗೆ ಎಲ್ಲ ಕಡೆ ಒಂದೇ ಕ್ರಮ. ಅಲ್ಲಿಂದ ಮುಂದೆ ಬೋಟಿಗೊಂದು ಲೆಕ್ಕ. ಬಲೆ ರಿಪೇರಿ ಯಾರ ಪಾಲಿನಿಂದ ಹೋಗಬೇಕು, ಮುಂಗಡ ಯಾವಾಗ ಮುರಿದುಕೊಳ್ಳಬೇಕು, ನಾಡದೋಣಿಗೆ ಯಾವ ಹಂಚಿಕೆ, ಟ್ರಾಲ್ ಬೋಟಿಗೆ ಯಾವುದು, ಎಲ್ಲವೂ ಬೇರೆ ಬೇರೆ. ಉಡುಪಿಯ ಕಲ್ಸಂಕದ ಹತ್ತಿರ ಕೂತು ನಾನು ಬರೆಯುವುದು ಈ ಲೆಕ್ಕದ ಸಾಫ್ಟ್‌ವೇರನ್ನೇ. ಭಾಷೆ ಸಿ ಶಾರ್ಪ್.

ನಮ್ಮಲ್ಲಿ ಒಂದೊಂದು ನಿಯಮವೂ ಒಂದು ಮೆಥಡ್, ಅಂದರೆ ಹೆಸರಿಟ್ಟು ಕರೆಯುವ ಕೋಡಿನ ತುಂಡು. ನಿಯಮಗಳೆಲ್ಲ ಮುಖ್ಯ ಪ್ರೋಗ್ರಾಂನಿಂದ ಹೊರಗೆ, ಅದು ಓಡುವಾಗ ತೆರೆದುಕೊಳ್ಳುವ ಬೇರೆ ಕೋಡ್ ಫೈಲಿನಲ್ಲಿ, ಅಂದರೆ ಬೇರೆ ಡಿಎಲ್‌ಎಲ್‌ನಲ್ಲಿ ಇರುತ್ತವೆ. ಯಾವ ಬೋಟಿಗೆ ಯಾವ ಮೆಥಡ್ ಎಂಬುದು ಡೇಟಾಬೇಸಿನ ಒಂದು ಟೇಬಲ್ಲಿನಲ್ಲಿ ಬರೀ ಹೆಸರಾಗಿ ಕೂತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವಾಗ ಮಾಲೀಕರು ಬಂದು ಮುಂದಿನ ಋತುವಿನ ಕರಾರು ಹೇಳಿ ಹೋಗುತ್ತಾರೆ. ನಾವು ನಿಯಮದ ಡಿಎಲ್‌ಎಲ್ ಒಂದನ್ನೇ ಬದಲಿಸಿ ಕೊಡುತ್ತೇವೆ, ಮುಖ್ಯ ಪ್ರೋಗ್ರಾಂ ಮುಟ್ಟುವುದಿಲ್ಲ. ಹೆಸರು ಕೊಟ್ಟರೆ ಮೆಥಡ್ ಹುಡುಕಿ ಕೊಡುವ ಕೆಲಸ ರಿಫ್ಲೆಕ್ಷನ್‌ನದ್ದು. ಹುಡುಕಿದಾಗ ಸಿಗುವುದು ಮೆಥಡ್‌ಇನ್ಫೋ, ಅಂದರೆ ಆ ಮೆಥಡ್‌ನ ವಿವರ ಇರುವ ಆಬ್ಜೆಕ್ಟ್. ಅದನ್ನು ನೇರ ಇನ್‌ವೋಕ್ ಮಾಡಿ ಕರೆಯಬಹುದು, ಇಲ್ಲವೇ ಅದರಿಂದ ಡೆಲಿಗೇಟ್ (ಒಂದು ಮೆಥಡನ್ನು ಹಿಡಿದಿಟ್ಟುಕೊಂಡು ಅದರಂತೆಯೇ ಕರೆಯಲು ಬರುವ ಆಬ್ಜೆಕ್ಟ್) ಕಟ್ಟಿಕೊಳ್ಳಬಹುದು. ಹುಡುಕಿ ಸಿಕ್ಕಿದ್ದನ್ನು ಹೇಗೆ ಕರೆಯಬೇಕು ಎಂಬುದೇ ಈ ಬರಹದ ವಿಷಯ.

ಒಂದು ಮಾತು ಮೊದಲೇ ಹೇಳುತ್ತೇನೆ. ಸಿ ಶಾರ್ಪ್ ಓಡುವುದು ಡಾಟ್ ನೆಟ್ ಎಂಬ ವೇದಿಕೆಯ ಮೇಲೆ. ಡಾಟ್ ನೆಟ್‌ನ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಮೊದಲ ಮೂರ್ನಾಲ್ಕು ಅಕ್ಷರ ಟೈಪ್ ಮಾಡಿದರೆ ವಿಷುವಲ್ ಸ್ಟುಡಿಯೋ ಉಳಿದದ್ದನ್ನು ತಾನೇ ತೋರಿಸುತ್ತದೆ.

ಇನ್‌ವೋಕ್ ಇರುವಾಗ ಡೆಲಿಗೇಟ್ ಯಾಕೆ

ನಮ್ಮಲ್ಲಿ ಹೊಸತಾಗಿ ಸೇರಿದ ಕುಂದಾಪುರದ ಹುಡುಗ ಇದನ್ನೇ ಕೇಳಿದ: “ಅಕ್ಕ, ಮೆಥಡ್‌ಇನ್ಫೋ ಸಿಕ್ಕಿದ ಮೇಲೆ ಇನ್‌ವೋಕ್ ಅಂತ ಕರೆದ್ರೆ ಆಯ್ತಲ್ಲ? ಕೆಲಸ ಮಾಡ್ತದಲ್ಲ?”

ಮಾಡುತ್ತದೆ. ಆದರೆ ಇನ್‌ವೋಕ್ ಮೂಲಕ ಕರೆದಾಗ ಏನೇನಾಗುತ್ತದೆ ನೋಡಿ. ಆರ್ಗ್ಯುಮೆಂಟ್‌ಗಳೆಲ್ಲ ಆಬ್ಜೆಕ್ಟ್ ಅರೇ ಒಳಗೆ ಹೋಗಬೇಕು. ನಮ್ಮ ಹಣದ ಲೆಕ್ಕ ಡೆಸಿಮಲ್‌ನಲ್ಲಿ. ಡೆಸಿಮಲ್ ವ್ಯಾಲ್ಯೂ ಟೈಪ್ ಆದ ಕಾರಣ ಪ್ರತಿಯೊಂದಕ್ಕೂ ಬಾಕ್ಸಿಂಗ್ (ಬೆಲೆಯನ್ನು ಆಬ್ಜೆಕ್ಟ್ ಆಗಿ ಸುತ್ತುವುದು) ಆಗಿ ಹೀಪ್‌ನಲ್ಲಿ ಹೊಸ ಜಾಗ ಹಿಡಿಯುತ್ತದೆ. ತಿರುಗಿ ಬರುವ ಉತ್ತರವೂ ಆಬ್ಜೆಕ್ಟ್, ಅದನ್ನು ಮತ್ತೆ ಕಾಸ್ಟ್ ಮಾಡಬೇಕು. ಕೊಟ್ಟ ಟೈಪ್‌ಗಳು ಸರಿ ಇವೆಯೇ ಎಂಬ ತಪಾಸಣೆ ಪ್ರತಿ ಕರೆಗೂ ನಡೆಯುತ್ತದೆ. ಬಂದರಿನ ಗೇಟಿನಲ್ಲಿ ಪಾಸ್ ಇಲ್ಲದವರು ಒಳಗೆ ಹೋಗುವಾಗೆಲ್ಲ ಹೆಸರು, ಊರು, ಕೆಲಸ ಹೇಳಿದ ಹಾಗೆ ಇದು. ಡೆಲಿಗೇಟ್ ಎಂದರೆ ಪಾಸ್: ಮಾಡಿಸುವಾಗ ಒಮ್ಮೆ ಎಲ್ಲ ವಿಚಾರಿಸುತ್ತಾರೆ, ಆಮೇಲೆ ತಡೆಯುವುದಿಲ್ಲ.

ಡಾಟ್ ನೆಟ್ 7ರಲ್ಲಿ, 2022ರಲ್ಲಿ, ಇನ್‌ವೋಕ್ ಅನ್ನು ಒಳಗಿನಿಂದ ಸಾಕಷ್ಟು ವೇಗ ಮಾಡಿದ್ದಾರೆ. 2023ರ ಡಾಟ್ ನೆಟ್ 8ರಲ್ಲಿ ಮೆಥಡ್‌ಇನ್‌ವೋಕರ್ ಎಂಬ ಪ್ರತ್ಯೇಕ ಕ್ಲಾಸೇ ಬಂದಿದೆ. ಹಾಗಾಗಿ ವೇಗದ ಮಾತು ಮೊದಲಿನಷ್ಟು ದೊಡ್ಡದಲ್ಲ. ಆದರೂ ಸರಿಯಾದ ಟೈಪಿನ ಡೆಲಿಗೇಟ್ ಅದಕ್ಕಿಂತ ಮುಂದೆಯೇ ಉಂಟು. ನಿಮ್ಮ ಮೆಷಿನ್ನಿನಲ್ಲಿ ಬೆಂಚ್‌ಮಾರ್ಕ್ ಡಾಟ್ ನೆಟ್ ಎಂಬ ವೇಗ ಅಳೆಯುವ ಲೈಬ್ರರಿ ಹಾಕಿ ನೀವೇ ಅಳೆದು ನೋಡಿ, ಬೇರೆಯವರ ಅಂಕಿ ನಂಬಿ ಕೂರಬೇಡಿ.

ನನಗೆ ಡೆಲಿಗೇಟ್ ಬೇಕಾಗಿರುವುದು ವೇಗಕ್ಕಿಂತ ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. ಇನ್‌ವೋಕ್‌ನಲ್ಲಿ ಮೆಥಡ್‌ನ ಸಹಿ ತಪ್ಪಿದ್ದರೆ, ಅಂದರೆ ಪ್ಯಾರಾಮೀಟರ್ ಒಂದು ಹೆಚ್ಚಿದ್ದರೆ ಅಥವಾ ಟೈಪ್ ಬೇರೆ ಇದ್ದರೆ, ಅದು ಗೊತ್ತಾಗುವುದು ಕರೆದ ಕ್ಷಣದಲ್ಲಿ. ಅಂದರೆ ಬೆಳಗಿನ ಏಲಂ ಮುಗಿದು, ಕಲಾಸಿಗಳು ಪಾಲಿಗೆ ಕಾಯುತ್ತಾ ನಿಂತಿರುವ ಹೊತ್ತಿಗೆ. ಡೆಲಿಗೇಟ್ ಕಟ್ಟುವಾಗ ಸಹಿಯ ತಪಾಸಣೆ ಅಲ್ಲೇ, ಕಟ್ಟುವಾಗಲೇ ಆಗುತ್ತದೆ. ಪ್ರೋಗ್ರಾಂ ತೆರೆದ ಕೂಡಲೇ ಎಲ್ಲ ನಿಯಮಗಳ ಡೆಲಿಗೇಟ್ ಕಟ್ಟಿಬಿಟ್ಟರೆ, ಸಹಿ ತಪ್ಪಿದ ಡಿಎಲ್‌ಎಲ್ ಅಲ್ಲಿಂದ ಮುಂದೆ ಹೋಗುವುದೇ ಇಲ್ಲ. ದುಡಿದವರ ದುಡ್ಡಿನ ಲೆಕ್ಕ ಇದು. ತಪ್ಪು ಆದಷ್ಟು ಬೇಗ, ಆದಷ್ಟು ಜೋರಾಗಿ ಕಾಣಿಸಬೇಕು.

ಮೊದಲು ಡೆಲಿಗೇಟಿನ ಟೈಪ್ ಗಟ್ಟಿ ಮಾಡಿ

ಡೆಲಿಗೇಟ್ ಕಟ್ಟುವ ಮೊದಲು ಯಾವ ಆಕಾರದ ಮೆಥಡ್ ಬೇಕು ಎಂದು ಹೇಳುವ ಟೈಪ್ ಬೇಕು. ನಮ್ಮದು ಇಷ್ಟೇ:

ಪಬ್ಲಿಕ್ ಡೆಲಿಗೇಟ್ ಡೆಸಿಮಲ್ ಪಾಲುನಿಯಮ(ಡೆಸಿಮಲ್ ಒಟ್ಟು, ಡೆಸಿಮಲ್ ಖರ್ಚು);

ಫಂಕ್ ಎಂಬ ಸಿದ್ಧ ಟೈಪ್ ಬಳಸಿದರೂ ನಡೆಯುತ್ತದೆ. ಮೂರು ಡೆಸಿಮಲ್ ಹಾಕಿದರೆ ಅದೇ ಅರ್ಥ. ಆದರೆ ಎರಡೂ ಪ್ಯಾರಾಮೀಟರ್ ಡೆಸಿಮಲ್ ಆಗಿರುವಾಗ ಯಾವುದು ಒಟ್ಟು, ಯಾವುದು ಖರ್ಚು ಎಂದು ಫಂಕ್ ಹೇಳುವುದಿಲ್ಲ. ಸ್ವಂತ ಹೆಸರಿನ ಡೆಲಿಗೇಟ್ ಹೇಳುತ್ತದೆ. ಹಣದ ಲೆಕ್ಕಕ್ಕೆ ಡಬಲ್ ಬೇಡ, ಡೆಸಿಮಲ್ಲೇ ಇರಲಿ. ಡಬಲ್‌ನಲ್ಲಿ ಹತ್ತನೇ ಒಂದು ಭಾಗವನ್ನು ಕೂಡಾ ನಿಖರವಾಗಿ ಬರೆಯಲು ಬರುವುದಿಲ್ಲ.

ಮೆಥಡ್ ಹುಡುಕುವ ಕೆಲಸ

ಅಸೆಂಬ್ಲಿ ಕ್ಲಾಸಿನ ಲೋಡ್‌ಫ್ರಮ್ ಮೂಲಕ ಡಿಎಲ್‌ಎಲ್ ತೆರೆಯಿರಿ, ಆ ಅಸೆಂಬ್ಲಿಯ ಮೇಲೆಯೇ ಗೆಟ್‌ಟೈಪ್ ಕರೆದು ಕ್ಲಾಸ್ ತೆಗೆದುಕೊಳ್ಳಿ. ಟೈಪ್ ಕ್ಲಾಸಿನ ಮೇಲೆ ಇರುವ ಸ್ಟ್ಯಾಟಿಕ್ ಗೆಟ್‌ಟೈಪ್ ಬೇರೆ. ಅದಕ್ಕೆ ಬರೀ ಹೆಸರು ಕೊಟ್ಟರೆ ಅದು ಹುಡುಕುವುದು ಕರೆದ ಅಸೆಂಬ್ಲಿಯಲ್ಲಿ ಮತ್ತು ಡಾಟ್ ನೆಟ್‌ನ ಮೂಲ ಲೈಬ್ರರಿಯಲ್ಲಿ ಮಾತ್ರ, ಹೊರಗಿನ ನಿಯಮದ ಡಿಎಲ್‌ಎಲ್ ಅದರ ಕಣ್ಣಿಗೆ ಬೀಳುವುದಿಲ್ಲ. ಅಸೆಂಬ್ಲಿಯ ಗೆಟ್‌ಟೈಪ್‌ಗೆ ಎರಡನೇ ಆರ್ಗ್ಯುಮೆಂಟ್ ಟ್ರೂ ಎಂದು ಕೊಡಿ. ಆಗ ಕ್ಲಾಸ್ ಸಿಗದಿದ್ದರೆ ನಲ್ ಬರುವ ಬದಲು ಎಕ್ಸೆಪ್ಶನ್ ಬರುತ್ತದೆ.

ಮುಂದೆ ಗೆಟ್‌ಮೆಥಡ್. ಇಲ್ಲಿ ನಿಧಾನ ಮಾಡಿ, ಗೋಜಲು ಜಾಸ್ತಿ.

ಬರೀ ಹೆಸರು ಕೊಟ್ಟರೆ ಪಬ್ಲಿಕ್ ಮೆಥಡ್‌ಗಳು ಮಾತ್ರ ಸಿಗುತ್ತವೆ. ಬೈಂಡಿಂಗ್‌ಫ್ಲ್ಯಾಗ್ಸ್ ನೀವೇ ಕೊಡುವುದಾದರೆ ಜೋಡಿಯಾಗಿ ಕೊಡಬೇಕು: ಪಬ್ಲಿಕ್ ಅಥವಾ ನಾನ್‌ಪಬ್ಲಿಕ್ ಒಂದು, ಅದರ ಜೊತೆ ಇನ್‌ಸ್ಟನ್ಸ್ ಅಥವಾ ಸ್ಟ್ಯಾಟಿಕ್ ಒಂದು. ನಾನ್‌ಪಬ್ಲಿಕ್ ಒಂದನ್ನೇ ಕೊಟ್ಟು “ಮೆಥಡ್ ಕಣ್ಣೆದುರೇ ಉಂಟು, ನಲ್ ಬರ್ತದೆ” ಎಂದು ತಲೆ ಕೆರೆದುಕೊಳ್ಳುವವರು ತುಂಬಾ ಜನ. ಬೇಸ್ ಕ್ಲಾಸಿನ ಸ್ಟ್ಯಾಟಿಕ್ ಮೆಥಡ್ ಬೇಕಾದರೆ ಫ್ಲ್ಯಾಟನ್‌ಹೈರಾರ್ಕಿ ಕೂಡ ಸೇರಿಸಿ. ಬೇಸ್ ಕ್ಲಾಸಿನ ಪ್ರೈವೇಟ್ ಮೆಥಡ್ ಮಗು ಕ್ಲಾಸಿನ ಮೂಲಕ ಸಿಗುವುದೇ ಇಲ್ಲ, ಬೇಸ್ ಕ್ಲಾಸಿನಲ್ಲೇ ಕೇಳಬೇಕು.

ಒಂದೇ ಹೆಸರಿನಲ್ಲಿ ಎರಡು ಓವರ್‌ಲೋಡ್ ಇದ್ದರೆ ಆಂಬಿಗ್ಯುಯಸ್‌ಮ್ಯಾಚ್ ಎಕ್ಸೆಪ್ಶನ್ ಬರುತ್ತದೆ. ಇವತ್ತು ಒಂದೇ ಇದ್ದರೂ ನಾಳೆ ಯಾರೋ ಎರಡನೆಯದನ್ನು ಸೇರಿಸಿಯಾರು. ಅದಕ್ಕೆ ಪ್ಯಾರಾಮೀಟರ್ ಟೈಪ್‌ಗಳ ಅರೇಯನ್ನು ಮೊದಲಿನಿಂದಲೇ ಕೊಡುವ ಅಭ್ಯಾಸ ಇಟ್ಟುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು ಎರಡು ಡೆಸಿಮಲ್ ಟೈಪ್‌ಗಳ ಅರೇ.

ಕನ್ನಡದಲ್ಲಿ ಕೋಡ್ ಬರೆಯುವವರಿಗೆ ಮಾತ್ರ ಒಂದು ವಿಷಯ. ಸಿ ಶಾರ್ಪ್‌ನಲ್ಲಿ ಕ್ಲಾಸ್, ಮೆಥಡ್, ವೇರಿಯಬಲ್‌ಗಳಿಗೆ ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು. ಯೂನಿಕೋಡ್ ಅಕ್ಷರಗಳನ್ನು, ಕಾಗುಣಿತದ ಚಿಹ್ನೆಗಳನ್ನು ಭಾಷೆ ಒಪ್ಪುತ್ತದೆ. ನಮ್ಮ ನಿಯಮಗಳಿಗೆ ನಾವು ಹಾಗೇ ಇಟ್ಟಿದ್ದೇವೆ, ಓದಲು ಸುಖ. ಆದರೆ ‘ಟ್ರಾಲ್‌ಪಾಲು’ ಎಂದು ಒತ್ತಕ್ಷರ ಆಗದ ಹಾಗೆ ಬರೆಯಲು ನಾವು ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವೆ, ಜೀರೋ ವಿಡ್ತ್ ನಾನ್ ಜಾಯ್ನರ್. ಸಿ ಶಾರ್ಪ್ ನಿಯಮದ ಪ್ರಕಾರ ಹೆಸರಿನೊಳಗಿನ ಇಂಥ ಫಾರ್ಮ್ಯಾಟಿಂಗ್ ಅಕ್ಷರಗಳನ್ನು ಕಂಪೈಲರ್ ತೆಗೆದುಹಾಕುತ್ತದೆ. ಡಿಎಲ್‌ಎಲ್ ಒಳಗೆ ಉಳಿಯುವ ಹೆಸರು ‘ಟ್ರಾಲ್ಪಾಲು’. ಡೇಟಾಬೇಸಿನಲ್ಲಿ ಕಾಣದ ಅಕ್ಷರ ಸಮೇತ ‘ಟ್ರಾಲ್‌ಪಾಲು’ ಎಂದು ಬರೆದಿಟ್ಟರೆ ಗೆಟ್‌ಮೆಥಡ್‌ಗೆ ಅದು ಬೇರೆಯೇ ಹೆಸರು, ನಲ್ ಬರುತ್ತದೆ. ಹುಡುಕುವ ಮೊದಲು ಹೆಸರಿನಿಂದ ಆ ಅಕ್ಷರವನ್ನು ತೆಗೆದುಬಿಡಿ, ಅಥವಾ ನಮ್ಮ ಹಾಗೆ ‘ಟ್ರಾಲಿನಪಾಲು’, ‘ನಾಡದೋಣಿಪಾಲು’ ಎಂದು ಆ ಅಕ್ಷರವೇ ಬೇಡದಂಥ ಹೆಸರಿಡಿ.

ಸ್ಟ್ಯಾಟಿಕ್ ಮೆಥಡ್: ಸುಲಭದ್ದು

ಮೆಥಡ್‌ಇನ್ಫೋ ಕೈಗೆ ಬಂದ ಮೇಲೆ, ಅದು ಸ್ಟ್ಯಾಟಿಕ್ ಆಗಿದ್ದರೆ ಒಂದೇ ಸಾಲು:

ಪಾಲುನಿಯಮ ನಿಯಮ = ಮೆಥಡ್.ಕ್ರಿಯೇಟ್‌ಡೆಲಿಗೇಟ್<ಪಾಲುನಿಯಮ>();

ಹೀಗೆ ಟೈಪ್ ಅನ್ನು ಕೋನದ ಆವರಣದಲ್ಲಿ ಕೊಡುವ ರೂಪ ಬಂದದ್ದು 2020ರ ಡಾಟ್ ನೆಟ್ 5ರಲ್ಲಿ. ಅದಕ್ಕಿಂತ ಮೊದಲು, 2012ರ ಡಾಟ್ ನೆಟ್ ಫ್ರೇಮ್‌ವರ್ಕ್ 4.5ರಿಂದ, ಮೆಥಡ್‌ಇನ್ಫೋ ಮೇಲಿನ ಕ್ರಿಯೇಟ್‌ಡೆಲಿಗೇಟ್‌ಗೆ ಟೈಪ್‌ಆಫ್ ಪಾಲುನಿಯಮ ಎಂದು ಕೊಟ್ಟು ಉತ್ತರವನ್ನು ಕಾಸ್ಟ್ ಮಾಡುವ ಕ್ರಮ ಇತ್ತು. ಅದಕ್ಕೂ ಹಿಂದಿನಿಂದ ಡೆಲಿಗೇಟ್ ಕ್ಲಾಸಿನ ಮೇಲೆ ಅದೇ ಹೆಸರಿನ ಸ್ಟ್ಯಾಟಿಕ್ ಮೆಥಡ್ ಉಂಟು. ಹಳೆಯ ಫ್ರೇಮ್‌ವರ್ಕಿನಲ್ಲೇ ಇರುವ ಆಫೀಸುಗಳು ನಮ್ಮ ಕಡೆ ಇನ್ನೂ ಬೇಕಾದಷ್ಟಿವೆ. ಅಲ್ಲಿ ಅದನ್ನೇ ಬಳಸಿ, ಫಲ ಒಂದೇ.

ಕಟ್ಟಿದ ಮೇಲೆ ನಿಯಮ(180000, 105000) ಎಂದು ಮಾಮೂಲಿ ಮೆಥಡ್ ಥರ ಕರೆಯಬಹುದು. ಆಬ್ಜೆಕ್ಟ್ ಅರೇ ಇಲ್ಲ, ಬಾಕ್ಸಿಂಗ್ ಇಲ್ಲ, ಕಾಸ್ಟ್ ಇಲ್ಲ.

ಡೈನಾಮಿಕ್‌ಇನ್‌ವೋಕ್ ಎಂಬುದೊಂದು ಡೆಲಿಗೇಟಿನ ಮೇಲೆ ಕಾಣಿಸುತ್ತದೆ, ಅದನ್ನು ಮುಟ್ಟಬೇಡಿ. ಅದರ ಮೂಲಕ ಕರೆದರೆ ಮತ್ತೆ ಆಬ್ಜೆಕ್ಟ್ ಅರೇ, ಮತ್ತೆ ತಪಾಸಣೆ. ಕಟ್ಟಿದ ಡೆಲಿಗೇಟಿನ ಲಾಭವೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಇನ್‌ಸ್ಟನ್ಸ್ ಮೆಥಡ್: ಮುಚ್ಚಿದ್ದು ಮತ್ತು ತೆರೆದದ್ದು

ಇದನ್ನು ಸರಿಯಾಗಿ ಹಿಡಿದರೆ ಉಳಿದದ್ದು ತಾನಾಗಿ ಬರುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಬೋಟ್ಖಾತೆ ಎಂಬ ಕ್ಲಾಸ್ ಉಂಟು ಎಂದಿಟ್ಟುಕೊಳ್ಳಿ. ಅದರಲ್ಲಿ ಬಾಕಿ ಎಂಬ ಇನ್‌ಸ್ಟನ್ಸ್ ಮೆಥಡ್: ಒಂದು ದಿನಾಂಕ ತೆಗೆದುಕೊಂಡು ಆ ದಿನಕ್ಕೆ ಬೋಟಿನ ಬಾಕಿ ಎಷ್ಟು ಎಂದು ಡೆಸಿಮಲ್ ಕೊಡುತ್ತದೆ. ಕಣ್ಣಿಗೆ ಒಂದೇ ಪ್ಯಾರಾಮೀಟರ್ ಕಂಡರೂ ನಿಜದಲ್ಲಿ ಅದಕ್ಕೆ ಎರಡು: ದಿನಾಂಕ, ಮತ್ತು ಕಾಣದೆ ಒಳಗೆ ಹೋಗುವ ದಿಸ್, ಅಂದರೆ ಯಾವ ಖಾತೆ ಎಂಬುದು. ಆ ದಿಸ್ ಅನ್ನು ಯಾವಾಗ ಕೊಡುತ್ತೀರಿ ಎಂಬುದರ ಮೇಲೆ ಡೆಲಿಗೇಟ್ ಎರಡು ಬಗೆ.

ಕಟ್ಟುವಾಗಲೇ ಕೊಟ್ಟರೆ ಮುಚ್ಚಿದ ಡೆಲಿಗೇಟ್. ಟೈಪ್ ಆಗ ಫಂಕ್ ಒಳಗೆ ಡೇಟ್‌ಟೈಮ್ ಮತ್ತು ಡೆಸಿಮಲ್ ಮಾತ್ರ. ಕ್ರಿಯೇಟ್‌ಡೆಲಿಗೇಟ್‌ಗೆ ಆರ್ಗ್ಯುಮೆಂಟ್ ಆಗಿ ಆ ಒಂದು ಖಾತೆಯ ಆಬ್ಜೆಕ್ಟ್ ಕೊಡುತ್ತೀರಿ. ಆಮೇಲೆ ಯಾವಾಗ ಕರೆದರೂ ಅದೇ ಖಾತೆಯ ಬಾಕಿ ಬರುತ್ತದೆ. ಡೆಲಿಗೇಟಿನ ಟಾರ್ಗೆಟ್ ಪ್ರಾಪರ್ಟಿ ನೋಡಿದರೆ ಆ ಆಬ್ಜೆಕ್ಟ್ ಅಲ್ಲೇ ಕೂತಿರುತ್ತದೆ.

ಕರೆಯುವಾಗ ಕೊಟ್ಟರೆ ತೆರೆದ ಡೆಲಿಗೇಟ್. ಟೈಪ್ ಈಗ ಫಂಕ್ ಒಳಗೆ ಬೋಟ್ಖಾತೆ, ಡೇಟ್‌ಟೈಮ್, ಡೆಸಿಮಲ್, ಹೀಗೆ ಮೂರು. ಕ್ರಿಯೇಟ್‌ಡೆಲಿಗೇಟ್‌ಗೆ ಆಬ್ಜೆಕ್ಟ್ ಕೊಡುವುದಿಲ್ಲ. ಒಮ್ಮೆ ಕಟ್ಟಿದ ಒಂದೇ ಡೆಲಿಗೇಟಿನಿಂದ ಬಂದರಿನ ಎಲ್ಲ ಬೋಟುಗಳ ಬಾಕಿ ಕೇಳಬಹುದು: ಬಾಕಿಕೇಳು(ಖಾತೆ, ದಿನಾಂಕ). ಮೆಥಡ್ ವರ್ಚುವಲ್ ಆಗಿದ್ದು ಮಗು ಕ್ಲಾಸ್ ಅದನ್ನು ಓವರ್‌ರೈಡ್ ಮಾಡಿದ್ದರೆ, ಕೊಟ್ಟ ಖಾತೆಗೆ ತಕ್ಕ ಮೆಥಡೇ ನಡೆಯುತ್ತದೆ. ಪಾಲಿಮಾರ್ಫಿಸಂ ಕೈಬಿಟ್ಟು ಹೋಗುವುದಿಲ್ಲ.

ನನ್ನ ಆಯ್ಕೆ ಹೆಚ್ಚಾಗಿ ತೆರೆದದ್ದು. ಮುಚ್ಚಿದ ಡೆಲಿಗೇಟ್ ತನ್ನ ಟಾರ್ಗೆಟ್ ಅನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಅಂಥದ್ದನ್ನು ಒಂದು ಸ್ಟ್ಯಾಟಿಕ್ ಡಿಕ್ಷನರಿಯಲ್ಲಿ ಇಟ್ಟಿರೋ, ಆ ಖಾತೆಯ ಆಬ್ಜೆಕ್ಟನ್ನು ಗಾರ್ಬೇಜ್ ಕಲೆಕ್ಟರ್ ಪ್ರೋಗ್ರಾಂ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಋತುವಿಡೀ ತೆರೆದೇ ಇರುವ ಪ್ರೋಗ್ರಾಂನಲ್ಲಿ ಮೆಮೊರಿ ಮೆಲ್ಲಮೆಲ್ಲ ಏರುವುದು ಹೀಗೆ. ಒಂದು ಆಬ್ಜೆಕ್ಟಿನ ಈವೆಂಟಿಗೆ ಹ್ಯಾಂಡ್ಲರ್ ಜೋಡಿಸುವಂಥ ಕೆಲಸಕ್ಕೆ ಮಾತ್ರ ಮುಚ್ಚಿದ್ದು ಸರಿ. ಅಲ್ಲಿ ಈವೆಂಟ್‌ಇನ್ಫೋದ ಈವೆಂಟ್‌ಹ್ಯಾಂಡ್ಲರ್‌ಟೈಪ್ ತೆಗೆದುಕೊಂಡು ಅದೇ ಟೈಪಿನ ಡೆಲಿಗೇಟ್ ಕಟ್ಟಿ ಆಡ್‌ಈವೆಂಟ್‌ಹ್ಯಾಂಡ್ಲರ್‌ಗೆ ಕೊಡಬೇಕು.

ಇಲ್ಲೊಂದು ಹೊಂಡ ಉಂಟು, ನೋಡಿ ಕಾಲಿಡಿ. ಟಾರ್ಗೆಟ್ ತೆಗೆದುಕೊಳ್ಳುವ ಓವರ್‌ಲೋಡಿಗೆ ನಲ್ ಕೊಟ್ಟು, ಡೆಲಿಗೇಟಿನ ಟೈಪ್‌ನಲ್ಲಿ ಬೋಟ್ಖಾತೆ ಸೇರಿಸದೆ ಬಿಟ್ಟರೆ, ಡಾಟ್ ನೆಟ್ ಬೈಯುವುದಿಲ್ಲ. ನಲ್‌ಗೇ ಮುಚ್ಚಿದ ಡೆಲಿಗೇಟ್ ಕಟ್ಟಿ ಕೊಡುತ್ತದೆ! ಕರೆದಾಗ ದಿಸ್ ಖಾಲಿ. ಮೆಥಡ್ ತನ್ನ ಯಾವುದಾದರೂ ಫೀಲ್ಡ್ ಮುಟ್ಟಿದ ಕೂಡಲೇ ನಲ್‌ರೆಫರೆನ್ಸ್ ಎಕ್ಸೆಪ್ಶನ್. ಖಾತೆಯನ್ನು ಡೇಟಾಬೇಸಿನಿಂದ ತಂದು ಟಾರ್ಗೆಟ್ ಆಗಿ ಕೊಡುವವರು, ಅದು ನಲ್ ಅಲ್ಲ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ. ಟಾರ್ಗೆಟ್ ಇಲ್ಲದ ಓವರ್‌ಲೋಡಿನಲ್ಲಿ ಈ ಅಪಾಯ ಇಲ್ಲ. ಅಲ್ಲಿ ಟೈಪ್ ತಪ್ಪಿದರೆ ನೇರ ಆರ್ಗ್ಯುಮೆಂಟ್ ಎಕ್ಸೆಪ್ಶನ್.

ಸ್ಟ್ರಕ್ಟ್‌ನ ಮೆಥಡಿಗೆ ತೆರೆದ ಡೆಲಿಗೇಟ್ ಬೇಕಾದರೆ ಮೊದಲ ಪ್ಯಾರಾಮೀಟರ್ ರೆಫ್ ಆಗಿರಬೇಕು. ಫಂಕ್, ಆ್ಯಕ್ಷನ್‌ಗಳಲ್ಲಿ ರೆಫ್ ಹಾಕಲು ಬರುವುದಿಲ್ಲ, ಸ್ವಂತ ಡೆಲಿಗೇಟ್ ಟೈಪ್ ಬರೆಯಲೇಬೇಕು.

ಪ್ರಾಪರ್ಟಿಗಳಿಗೂ ಇದೇ ದಾರಿ. ಪ್ರಾಪರ್ಟಿಇನ್ಫೋದಿಂದ ಗೆಟ್‌ಗೆಟ್‌ಮೆಥಡ್ ಕರೆದರೆ ಮೆಥಡ್‌ಇನ್ಫೋ ಸಿಗುತ್ತದೆ, ಅದರಿಂದ ತೆರೆದ ಡೆಲಿಗೇಟ್. ರಿಪೋರ್ಟಿನ ಕಾಲಂಗಳನ್ನು ಹೆಸರಿನಿಂದ ತುಂಬುವಾಗ ಇದು ಬಹಳ ಉಪಯೋಗ.

ಸಹಿ ಎಷ್ಟರ ಮಟ್ಟಿಗೆ ಹೊಂದಬೇಕು

ರೆಫರೆನ್ಸ್ ಟೈಪ್‌ಗಳಲ್ಲಿ ಸ್ವಲ್ಪ ಸಡಿಲ ಉಂಟು. ಮೆಥಡ್ ಆಬ್ಜೆಕ್ಟ್ ತೆಗೆದುಕೊಳ್ಳುತ್ತದೆ, ಡೆಲಿಗೇಟ್ ಸ್ಟ್ರಿಂಗ್ ಕೊಡುತ್ತೇನೆ ಎನ್ನುತ್ತದೆ: ಹೊಂದುತ್ತದೆ. ಮೆಥಡ್ ಸ್ಟ್ರಿಂಗ್ ಕೊಡುತ್ತದೆ, ಡೆಲಿಗೇಟ್ ಆಬ್ಜೆಕ್ಟ್ ಬಂದರೆ ಸಾಕು ಎನ್ನುತ್ತದೆ: ಅದೂ ಹೊಂದುತ್ತದೆ. ವ್ಯಾಲ್ಯೂ ಟೈಪ್‌ಗಳಲ್ಲಿ ಈ ಸಡಿಲ ಇಲ್ಲ. ಡೆಸಿಮಲ್ ಕೊಡುವ ಮೆಥಡನ್ನು ಆಬ್ಜೆಕ್ಟ್ ಕೊಡುವ ಫಂಕ್‌ಗೆ ಕಟ್ಟಲು ಹೋದರೆ ಆಗುವುದಿಲ್ಲ, ಯಾಕೆಂದರೆ ಡೆಸಿಮಲ್ ಅನ್ನು ಆಬ್ಜೆಕ್ಟ್ ಮಾಡಲು ಬಾಕ್ಸಿಂಗ್ ಬೇಕು, ಡೆಲಿಗೇಟ್ ನಡುವೆ ನಿಂತು ಅದನ್ನು ಮಾಡುವುದಿಲ್ಲ. ಇಂಟ್ ಅನ್ನು ಲಾಂಗ್ ಆಗಿ ಹಿಗ್ಗಿಸುವ ಉಪಕಾರವನ್ನು ಇನ್‌ವೋಕ್ ಮಾಡುತ್ತದೆ, ಡೆಲಿಗೇಟ್ ಅದನ್ನೂ ಮಾಡುವುದಿಲ್ಲ. ಮೆಥಡಿನಲ್ಲಿ ಪ್ಯಾರಾಮೀಟರಿಗೆ ಡೀಫಾಲ್ಟ್ ಬೆಲೆ ಬರೆದಿದ್ದರೂ ಡೆಲಿಗೇಟಿಗೆ ಅದು ಲೆಕ್ಕಕ್ಕಿಲ್ಲ. ಎಲ್ಲ ಪ್ಯಾರಾಮೀಟರ್‌ಗಳೂ ಡೆಲಿಗೇಟಿನ ಸಹಿಯಲ್ಲಿ ಇರಬೇಕು. ಜೆನೆರಿಕ್ ಮೆಥಡ್ ಆಗಿದ್ದರೆ ಮೊದಲು ಮೇಕ್‌ಜೆನೆರಿಕ್‌ಮೆಥಡ್ ಕರೆದು ಟೈಪ್ ತುಂಬಿಸಿಯೇ ಡೆಲಿಗೇಟ್ ಕಟ್ಟಬೇಕು.

ಈ ಬಿಗಿ ನನಗೆ ಇಷ್ಟ. ಯಾರಾದರೂ ಖರ್ಚನ್ನು ಡಬಲ್ ಎಂದು ಬರೆದು ಡಿಎಲ್‌ಎಲ್ ಕೊಟ್ಟರೆ ಅದು ಬಾಗಿಲಲ್ಲೇ ನಿಲ್ಲುತ್ತದೆ.

ಟೈಪ್‌ಗಳೇ ಮೊದಲು ಗೊತ್ತಿಲ್ಲದಿದ್ದರೆ

ಕೆಲವೊಮ್ಮೆ ಯಾವ ಕ್ಲಾಸ್, ಯಾವ ರಿಟರ್ನ್ ಟೈಪ್ ಎಂಬುದು ಪ್ರೋಗ್ರಾಂ ಓಡುವಾಗಲೇ ತಿಳಿಯುವುದು. ರಿಪೋರ್ಟ್ ಕಾಲಂಗಳದ್ದು ಹಾಗೇ: ಒಂದು ಕಾಲಂ ಡೆಸಿಮಲ್, ಇನ್ನೊಂದು ಸ್ಟ್ರಿಂಗ್, ಮತ್ತೊಂದು ದಿನಾಂಕ. ಎಲ್ಲಕ್ಕೂ ಒಂದೇ ಆಕಾರ ಬೇಕು, ಆಬ್ಜೆಕ್ಟ್ ಕೊಟ್ಟರೆ ಆಬ್ಜೆಕ್ಟ್ ಬರುವ ಫಂಕ್. ನೇರ ಕಟ್ಟಲು ಹೋದರೆ ಮೇಲೆ ಹೇಳಿದ ಕಾರಣಕ್ಕೆ ಆಗುವುದಿಲ್ಲ.

ದಾರಿ ಹೀಗೆ. ಸುತ್ತು ಎಂಬ ಪ್ರೈವೇಟ್ ಸ್ಟ್ಯಾಟಿಕ್ ಜೆನೆರಿಕ್ ಮೆಥಡ್ ಬರೆಯಿರಿ. ಅದಕ್ಕೆ ಎರಡು ಟೈಪ್ ಪ್ಯಾರಾಮೀಟರ್: ಕ್ಲಾಸ್ ಯಾವುದು, ಉತ್ತರ ಯಾವುದು. ಆರ್ಗ್ಯುಮೆಂಟ್ ಒಂದು ಮೆಥಡ್‌ಇನ್ಫೋ. ಒಳಗೆ ಎರಡೇ ಸಾಲು. ಮೊದಲ ಸಾಲಿನಲ್ಲಿ ಆ ಎರಡು ಟೈಪ್‌ಗಳ ಫಂಕ್ ಆಗಿ ಸರಿಯಾದ ತೆರೆದ ಡೆಲಿಗೇಟ್ ಕಟ್ಟುತ್ತೀರಿ. ಎರಡನೇ ಸಾಲಿನಲ್ಲಿ ಒಂದು ಲ್ಯಾಂಬ್ಡಾ ಹಿಂತಿರುಗಿಸುತ್ತೀರಿ: ಬಂದ ಆಬ್ಜೆಕ್ಟನ್ನು ಕ್ಲಾಸಿಗೆ ಕಾಸ್ಟ್ ಮಾಡಿ, ಡೆಲಿಗೇಟ್ ಕರೆದು, ಉತ್ತರವನ್ನು ಆಬ್ಜೆಕ್ಟ್ ಆಗಿ ಕೊಡುವ ಲ್ಯಾಂಬ್ಡಾ. ಈಗ ಸುತ್ತು ಮೆಥಡಿನದ್ದೇ ಮೆಥಡ್‌ಇನ್ಫೋ ತೆಗೆದು, ಮೇಕ್‌ಜೆನೆರಿಕ್‌ಮೆಥಡ್‌ಗೆ ಡಿಕ್ಲೇರಿಂಗ್‌ಟೈಪ್ ಮತ್ತು ರಿಟರ್ನ್‌ಟೈಪ್ ಕೊಟ್ಟು, ಅದನ್ನು ಇನ್‌ವೋಕ್ ಮಾಡಿ. ಹೌದು, ಇಲ್ಲಿ ಇನ್‌ವೋಕ್ ಬಳಸುತ್ತೇವೆ. ಆದರೆ ಕಾಲಮ್ಮಿಗೆ ಒಂದೇ ಸಲ, ಕಟ್ಟುವಾಗ ಮಾತ್ರ. ಸಾಲುಗಳ ಮೇಲೆ ಓಡುವಾಗ ರಿಫ್ಲೆಕ್ಷನ್ ನಡುವೆ ಇರುವುದೇ ಇಲ್ಲ. ಉತ್ತರದ ಬಾಕ್ಸಿಂಗ್ ಮಾತ್ರ ಉಳಿಯುತ್ತದೆ, ಆಬ್ಜೆಕ್ಟ್ ಬೇಕು ಎಂದಮೇಲೆ ಅದು ತಪ್ಪಿದ್ದಲ್ಲ.

ವಾಯ್ಡ್ ಮೆಥಡಿಗೆ ಇದೇ ಸುತ್ತು ನಡೆಯುವುದಿಲ್ಲ. ವಾಯ್ಡ್ ಅನ್ನು ಜೆನೆರಿಕ್ ಟೈಪ್ ಆಗಿ ಕೊಡಲು ಬಾರದು. ಆ್ಯಕ್ಷನ್ ಬಳಸುವ ಇನ್ನೊಂದು ಸುತ್ತು ಬರೆದುಕೊಳ್ಳಿ.

ಎಕ್ಸ್‌ಪ್ರೆಶನ್ ಟ್ರೀ (ಡೇಟಾ ರೂಪದಲ್ಲಿ ಬರೆದ ಕೋಡ್) ಕಟ್ಟಿ ಕಂಪೈಲ್ ಮಾಡುವ ದಾರಿಯೂ ಉಂಟು. ಪ್ಯಾರಾಮೀಟರ್ ಸಂಖ್ಯೆ ಹೆಚ್ಚು ಕಡಿಮೆ ಆಗುವಲ್ಲಿ ಅದು ಹೆಚ್ಚು ಬಗ್ಗುತ್ತದೆ. ಆದರೆ ಪ್ರತಿಯೊಂದನ್ನೂ ಕಂಪೈಲ್ ಮಾಡಲು ಸಮಯ ಹಿಡಿಯುತ್ತದೆ, ಮತ್ತು ಹೊಸಬರಿಗೆ ಆ ಕೋಡ್ ಓದುವುದು ಕಷ್ಟ. ಡೆಲಿಗೇಟಿನ ಟೈಪ್ ಮಾತ್ರ ಓಡುವಾಗ ಬೇಕು ಎಂದಿದ್ದರೆ ಎಕ್ಸ್‌ಪ್ರೆಶನ್ ಕ್ಲಾಸಿನ ಗೆಟ್‌ಡೆಲಿಗೇಟ್‌ಟೈಪ್ ಒಂದನ್ನೇ ಬಳಸಬಹುದು: ಟೈಪ್‌ಗಳ ಅರೇ ಕೊಟ್ಟರೆ ಹೊಂದುವ ಫಂಕ್ ಅಥವಾ ಆ್ಯಕ್ಷನ್ ಟೈಪ್ ಕೊಡುತ್ತದೆ. ಅರೇಯ ಕೊನೆಯದು ರಿಟರ್ನ್ ಟೈಪ್ ಆಗಿರಲಿ.

ಬಾಗಿಲಲ್ಲಿ ತಪಾಸಣೆ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಡೆಲಿಗೇಟನ್ನು ಬೇಕಾದಾಗ ಕಟ್ಟಬೇಡಿ, ಪ್ರೋಗ್ರಾಂ ತೆರೆಯುವಾಗಲೇ ಎಲ್ಲವನ್ನೂ ಕಟ್ಟಿ. ಟೇಬಲ್ಲಿನಲ್ಲಿರುವ ಪ್ರತಿ ನಿಯಮದ ಮೇಲೆ ಲೂಪ್ ಓಡಿಸಿ. ಮೊದಲ ತಪ್ಪಿಗೇ ನಿಲ್ಲಬೇಡಿ, ಎಲ್ಲ ತಪ್ಪುಗಳನ್ನೂ ಒಂದು ಪಟ್ಟಿಯಲ್ಲಿ ಸೇರಿಸಿ ಕೊನೆಗೆ ಒಟ್ಟಿಗೆ ತೋರಿಸಿ.

ಡಾಟ್ ನೆಟ್ ಕೊಡುವ ಸಂದೇಶ ನಂಬಿ ಕೂತರೆ ಸಾಲದು. ಸಹಿ ಹೊಂದುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಹೇಳುವುದಿಲ್ಲ. ಹಾಗಾಗಿ ಡೆಲಿಗೇಟ್ ಕ್ಲಾಸಿನ ಮೇಲಿರುವ ಸ್ಟ್ಯಾಟಿಕ್ ಕ್ರಿಯೇಟ್‌ಡೆಲಿಗೇಟ್‌ನಲ್ಲಿ ಥ್ರೋ‌ಆನ್‌ಬೈಂಡ್‌ಫೇಲ್ಯೂರ್ ಎಂಬ ಆರ್ಗ್ಯುಮೆಂಟಿಗೆ ಫಾಲ್ಸ್ ಕೊಡಿ. ಹೊಂದದಿದ್ದರೆ ಎಕ್ಸೆಪ್ಶನ್ ಬದಲು ನಲ್ ಬರುತ್ತದೆ. ಆಗ ನೀವೇ ಗೆಟ್‌ಪ್ಯಾರಾಮೀಟರ್ಸ್ ಕರೆದು, ಸಿಕ್ಕ ಮೆಥಡಿನ ಪ್ಯಾರಾಮೀಟರ್‌ಗಳನ್ನು, ರಿಟರ್ನ್‌ಟೈಪನ್ನು ಓದಿ ಸಂದೇಶ ಬರೆಯಿರಿ. ನಮ್ಮಲ್ಲಿ ಬರುವುದು ಹೀಗೆ: “ನಾಡದೋಣಿಪಾಲು ನಿಯಮ ಹೊಂದುವುದಿಲ್ಲ. ಬೇಕಾದದ್ದು: ಒಟ್ಟು ಡೆಸಿಮಲ್, ಖರ್ಚು ಡೆಸಿಮಲ್. ಇರುವುದು: ಒಟ್ಟು ಡೆಸಿಮಲ್, ಖರ್ಚು ಡಬಲ್.” ಇದನ್ನು ಓದಿದವರು ಫೋನ್ ಮಾಡಿ ಏನಾಗಿದೆ ಎಂದು ಕೇಳಬೇಕಾಗಿಲ್ಲ, ಸಂದೇಶದ ಫೋಟೋ ಕಳಿಸಿದರೆ ಸಾಕು.

ಸಂದೇಶ ಇಷ್ಟು ಚೆನ್ನಾಗಿ ಬರಬೇಕಾದರೆ ಗೆಟ್‌ಮೆಥಡ್‌ಗೆ ಟೈಪ್‌ಗಳ ಅರೇ ಕೊಟ್ಟು ನಲ್ ಬಂದಾಗ ಅಲ್ಲಿಗೇ ಬಿಡಬಾರದು. ಗೆಟ್‌ಮೆಥಡ್ಸ್ ಕರೆದು ಅದೇ ಹೆಸರಿನದ್ದು ಬೇರೆ ಸಹಿಯಲ್ಲಿ ಉಂಟೋ ನೋಡಿ, ಇದ್ದರೆ ಅದರ ಸಹಿ ತೋರಿಸಿ. ಹೆಸರೇ ಇಲ್ಲದಿರುವುದು ಬೇರೆ, ಹೆಸರಿದ್ದು ಸಹಿ ತಪ್ಪಿರುವುದು ಬೇರೆ. ಸರಿಪಡಿಸುವವರಿಗೆ ಎರಡೂ ಒಂದೇ ಥರ ಕಾಣಬಾರದು.

ಸಹಿ ಸರಿ ಇದ್ದ ಮಾತ್ರಕ್ಕೆ ಲೆಕ್ಕ ಸರಿ ಎಂದಲ್ಲ. ಒಟ್ಟು, ಖರ್ಚು ಎರಡೂ ಡೆಸಿಮಲ್ ಆದ ಕಾರಣ ಮೆಥಡ್ ಬರೆದವರು ಅವುಗಳ ಸ್ಥಾನ ಅದಲು ಬದಲು ಮಾಡಿದ್ದರೂ ಡೆಲಿಗೇಟ್ ಸುಮ್ಮನೆ ಒಪ್ಪುತ್ತದೆ. ಅದಕ್ಕೆ ಪ್ರತಿ ನಿಯಮಕ್ಕೂ ಟೇಬಲ್ಲಿನಲ್ಲಿ ಒಂದು ಮಾದರಿ ಲೆಕ್ಕ ಇಡುತ್ತೇವೆ. ಉದಾಹರಣೆಗೆ ಒಟ್ಟು 1,80,000, ಖರ್ಚು 1,05,000, ಉಳಿಕೆ 75,000, ಅದರಲ್ಲಿ ಅರ್ಧ ಕಲಾಸಿಗಳಿಗೆ ಎಂದಾದರೆ ಉತ್ತರ 37,500. ಡೆಲಿಗೇಟ್ ಕಟ್ಟಿದ ಕೂಡಲೇ ಅದೇ ಅಂಕಿ ಕೊಟ್ಟು ಕರೆದು ನೋಡುತ್ತೇವೆ. ಸ್ಥಾನ ಅದಲು ಬದಲಾಗಿದ್ದರೆ ಉತ್ತರ ಋಣ ಸಂಖ್ಯೆಯಲ್ಲಿ ಬಂದು ಕೂಡಲೇ ಗೊತ್ತಾಗುತ್ತದೆ. ಮಾದರಿ ಲೆಕ್ಕವನ್ನು ಮಾಲೀಕರ ಕಡೆಯಿಂದಲೇ ಬರೆಸಿಕೊಳ್ಳಿ, ಪ್ರೋಗ್ರಾಂ ಬರೆದವರೇ ಬರೆದುಕೊಂಡರೆ ಪರೀಕ್ಷೆ ಆಗುವುದಿಲ್ಲ.

ನಿಯಮದ ಒಳಗೇ ಏನಾದರೂ ತಪ್ಪಾಗಿ ಎಕ್ಸೆಪ್ಶನ್ ಬಂದರೆ ಡೆಲಿಗೇಟಿನಲ್ಲಿ ಅದು ಇದ್ದ ಹಾಗೇ ಹೊರಗೆ ಬರುತ್ತದೆ. ಇನ್‌ವೋಕ್ ಆದರೆ ಅದನ್ನು ಟಾರ್ಗೆಟ್‌ಇನ್‌ವೊಕೇಶನ್ ಎಕ್ಸೆಪ್ಶನ್‌ನಲ್ಲಿ ಸುತ್ತಿ ಕೊಡುತ್ತದೆ, ನಿಜವಾದದ್ದು ಇನ್ನರ್‌ಎಕ್ಸೆಪ್ಶನ್ ಒಳಗೆ. ಸೊನ್ನೆಯಿಂದ ಭಾಗಿಸಿದ್ದನ್ನು ಹಿಡಿಯಲು ಬರೆದ ಕ್ಯಾಚ್ ಅಲ್ಲಿ ಕೆಲಸ ಮಾಡುವುದಿಲ್ಲ. ಇನ್‌ವೋಕ್ ಬಿಡಲಾಗದ ಕಡೆ ಡಾಟ್ ನೆಟ್ ಕೋರ್ 2.1ರಿಂದ ಬಂದಿರುವ ಡೂನಾಟ್‌ರ‍್ಯಾಪ್‌ಎಕ್ಸೆಪ್ಶನ್ಸ್ ಎಂಬ ಫ್ಲ್ಯಾಗ್ ಹಾಕಿ.

ಕಟ್ಟಿದ್ದನ್ನು ಎಲ್ಲಿಡಬೇಕು

ಎಲ್ಲ ಡೆಲಿಗೇಟ್‌ಗಳೂ ತೆರೆಯುವಾಗಲೇ ಕಟ್ಟಿ ಆಗಿದ್ದರೆ ಸಾಮಾನ್ಯ ಡಿಕ್ಷನರಿ ಸಾಕು. ನಡುವೆ ಬೇಕಾದಾಗ ಕಟ್ಟುವುದಾದರೆ ಕಾನ್‌ಕರೆಂಟ್‌ಡಿಕ್ಷನರಿಯ ಗೆಟ್‌ಆರ್‌ಆ್ಯಡ್ ಬಳಸಿ. ಎರಡು ಥ್ರೆಡ್ ಒಟ್ಟಿಗೆ ಕೇಳಿದರೆ ಒಂದೇ ಡೆಲಿಗೇಟ್ ಎರಡು ಸಲ ಕಟ್ಟಲ್ಪಡಬಹುದು, ಉಳಿಯುವುದು ಒಂದೇ, ತೊಂದರೆ ಇಲ್ಲ.

ಪ್ರೋಗ್ರಾಂ ಮುಚ್ಚದೆ ಡಿಎಲ್‌ಎಲ್ ಬದಲಿಸಬೇಕು ಎನ್ನುವವರಿಗೆ ಡಾಟ್ ನೆಟ್ ಕೋರ್ 3.0ರಿಂದ ಅಸೆಂಬ್ಲಿಲೋಡ್‌ಕಾಂಟೆಕ್ಸ್ಟ್ ಅನ್ನು ಅನ್‌ಲೋಡ್ ಮಾಡುವ ಸೌಲಭ್ಯ ಉಂಟು. ಆದರೆ ಆ ಡಿಎಲ್‌ಎಲ್‌ನ ಒಂದೇ ಒಂದು ಡೆಲಿಗೇಟ್ ನಿಮ್ಮ ಡಿಕ್ಷನರಿಯಲ್ಲಿ ಉಳಿದರೂ ಅದು ಅನ್‌ಲೋಡ್ ಆಗುವುದಿಲ್ಲ. ಮೊದಲು ಡಿಕ್ಷನರಿ ಖಾಲಿ ಮಾಡಿ, ಆಮೇಲೆ ಅನ್‌ಲೋಡ್. ನಾವು ಈ ತಂಟೆಗೇ ಹೋಗುವುದಿಲ್ಲ. ಮಳೆಗಾಲದ ರಜೆಯಲ್ಲಿ ಪ್ರೋಗ್ರಾಂ ಮುಚ್ಚಲು ಬೇಕಾದಷ್ಟು ಸಮಯ ಸಿಗುತ್ತದೆ.

ನೇಟಿವ್ ಎಒಟಿಯಲ್ಲಿ, ಅಂದರೆ ಇಡೀ ಪ್ರೋಗ್ರಾಂ ಅನ್ನು ಮೊದಲೇ ಮೆಷಿನ್ ಕೋಡ್ ಮಾಡಿಟ್ಟು, ಪಬ್ಲಿಶ್ ಮಾಡುವವರಿಗೆ ಹೊರಗಿನ ಡಿಎಲ್‌ಎಲ್ ತೆರೆಯುವ ಈ ಕ್ರಮವೇ ನಡೆಯುವುದಿಲ್ಲ. ಟ್ರಿಮ್ಮಿಂಗ್ ಹಾಕಿದರೆ ಹೆಸರಿನಿಂದ ಮಾತ್ರ ಕರೆಯುವ ಮೆಥಡ್‌ಗಳನ್ನು ಯಾರೂ ಬಳಸುತ್ತಿಲ್ಲ ಎಂದು ತಿಳಿದು ಕಿತ್ತು ಹಾಕಿಬಿಡಬಹುದು. ಆ ಬಿಲ್ಡ್‌ನಲ್ಲಿ ಬರುವ ಎಚ್ಚರಿಕೆಗಳನ್ನು ಒಂದೊಂದಾಗಿ ಓದಿ, ಮುಚ್ಚಿ ಹಾಕಬೇಡಿ.

ಯಾವಾಗ ಇದು ಬೇಡ

ಒಂದೇ ಸಲ ಕರೆಯುವ ಮೆಥಡಿಗೆ ಡೆಲಿಗೇಟ್ ಕಟ್ಟುವುದರಿಂದ ವೇಗದ ಲಾಭ ಇಲ್ಲ, ಇನ್‌ವೋಕ್ ಸಾಕು. ಡಿಎಲ್‌ಎಲ್ ಬರೆಯುವವರೂ ನೀವೇ ಆಗಿದ್ದು, ಒಂದೊಂದು ನಿಯಮಕ್ಕೂ ನಾಲ್ಕೈದು ಮೆಥಡ್‌ಗಳು ಒಟ್ಟಿಗೆ ಬೇಕಾಗಿದ್ದರೆ ಇಂಟರ್‌ಫೇಸ್ ಬರೆಯಿರಿ. ಆ್ಯಕ್ಟಿವೇಟರ್‌ನಿಂದ ಆಬ್ಜೆಕ್ಟ್ ಒಮ್ಮೆ ಮಾಡಿ ಇಂಟರ್‌ಫೇಸ್ ಮೂಲಕ ಕರೆದರೆ ಸಹಿಯ ತಪಾಸಣೆಯನ್ನು ಕಂಪೈಲರೇ ಮಾಡಿ ಮುಗಿಸಿರುತ್ತದೆ. ಅಂದರೆ ಸಹಿಯ ತಪ್ಪು ಇದಕ್ಕಿಂತಲೂ ಮೊದಲೇ ಕಾಣುತ್ತದೆ. ಡೆಲಿಗೇಟ್ ಹೇಳಿ ಮಾಡಿಸಿದ್ದು ನಮ್ಮಂಥ ಕಡೆಗೆ: ಒಂದೇ ಆಕಾರದ ಸಣ್ಣ ಸಣ್ಣ ಸ್ಟ್ಯಾಟಿಕ್ ಮೆಥಡ್‌ಗಳು ಹತ್ತಾರು, ಅವುಗಳ ಹೆಸರು ಹೊರಗಿನಿಂದ ಬರುತ್ತದೆ.

ಆ ಹೆಸರು ಎಲ್ಲಿಂದ ಬರುತ್ತದೆ ಎಂಬುದರ ಮೇಲೂ ಕಣ್ಣಿರಲಿ. ನಾನ್‌ಪಬ್ಲಿಕ್ ಫ್ಲ್ಯಾಗ್ ಹಾಕಿದರೆ ಪ್ರೈವೇಟ್ ಮೆಥಡಿಗೂ ಡೆಲಿಗೇಟ್ ಕಟ್ಟಲು ಬರುತ್ತದೆ. ಹಾಗಾಗಿ ನಿಯಮಗಳಿರುವ ಕ್ಲಾಸ್ ಯಾವುದು ಎಂಬುದನ್ನು ಕೋಡಿನಲ್ಲೇ ಗಟ್ಟಿಯಾಗಿ ಬರೆಯಿರಿ, ಟೇಬಲ್ಲಿನಿಂದ ಮೆಥಡಿನ ಹೆಸರು ಮಾತ್ರ ಬರಲಿ, ಫ್ಲ್ಯಾಗ್ ಪಬ್ಲಿಕ್ ಮತ್ತು ಸ್ಟ್ಯಾಟಿಕ್ ಎರಡೇ ಇರಲಿ. ನಿಯಮವಾಗಿ ಬಳಸಬಹುದಾದ ಮೆಥಡ್‌ಗಳ ಮೇಲೆ ಸ್ವಂತದ ಒಂದು ಆ್ಯಟ್ರಿಬ್ಯೂಟ್ ಹಾಕಿ, ಅದು ಇಲ್ಲದ್ದನ್ನು ಡೆಲಿಗೇಟ್ ಕಟ್ಟುವ ಮೊದಲೇ ತಿರಸ್ಕರಿಸಿ. ಆ ಟೇಬಲ್ ತಿದ್ದುವ ಹಕ್ಕನ್ನು ಲೆಕ್ಕ ಬರೆಯುವ ಎಲ್ಲರಿಗೂ ಕೊಡಬೇಡಿ.